ಉಳ್ಳಾಗಡ್ಡಿ ಹೂವಿಗೆ ಬಂದ ಬೀಗರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ದಿನಾ ಬೆಲ್ಲದ ಪಾಕದಿಂದ ಸತ್ತ ಜೇನುಹುಳಗಳನ್ನು ಜಾಲರಿಯಲ್ಲಿ ಬಳಿದು ಚೆಲ್ಲುವ ಕೆಲಸ ಹಚ್ಚಿದರೆ ಯಾರಿಗೆ ಸಿಟ್ಟು ಬರುವುದಿಲ್ಲ, ಹೇಳಿ. ರೆಕ್ಕೆ ಅಂಟಿಕೊಂಡು, ಕಾಲು ಮಡಚಿಕೊಂಡು, ಕೆಲವು ಇನ್ನೂ ಮಿಸುಕಾಡುತ್ತ ಬಿದ್ದಿರುತ್ತಿದ್ದವು. ನಾನು ಅವುಗಳನ್ನೂ ಬೈಯುತ್ತಿದ್ದೆ, ಗಾಣವನ್ನೂ ಬೈಯುತ್ತಿದ್ದೆ, ಗಾಣದ ಮನೆಗೆ ನನ್ನನ್ನು ಕೊಟ್ಟ ನಿಪ್ಪಾಣಿಯ ತವರನ್ನೂ ಬೈಯುತ್ತಿದ್ದೆ.

ನಮ್ಮದು ಶಿರಗುಪ್ಪಿಯ ಹತ್ತಿರ ಒಂದು ಬೆಲ್ಲದ ಗಾಣ. ಗಾಣ ಅಂದರೆ ಈಗ ಎತ್ತು ಸುತ್ತುವುದಿಲ್ಲ. ಕರೆಂಟಿನ ಮೋಟಾರು, ಕಬ್ಬಿಣದ ಉರುಳು. ಸುತ್ತಲಿನ ಕಬ್ಬೆಲ್ಲ ಟ್ರ್ಯಾಕ್ಟರು ಹತ್ತಿ ಕಾರ್ಖಾನೆಗೆ ಹೋಗುವ ಸೀಮೆಯಲ್ಲಿ ನಮ್ಮ ಮಾವನವರು ಹಟ ಹಿಡಿದು ಇದನ್ನು ಉಳಿಸಿಕೊಂಡಿದ್ದಾರೆ. ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಯುತ್ತದೆ. ಅದಕ್ಕೆ ಬೆಂಡಿಗಿಡದ ಲೋಳೆ ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ಗುಂಡಿಗೆ ಚೆಲ್ಲುತ್ತೇವೆ. ಪಾಕ ಹದಕ್ಕೆ ಬಂದ ಮೇಲೆ ಅಗಲವಾದ ತೊಟ್ಟಿಗೆ ಸುರಿದು ಆರಲು ಬಿಟ್ಟು, ಆಮೇಲೆ ಬೆಲ್ಲವನ್ನು ಮುದ್ದೆ ಮಾಡಿ ಪೆಂಟೆ ಕಟ್ಟುತ್ತೇವೆ. ಜೇನುಹುಳಗಳು ಬಂದು ಬೀಳುತ್ತಿದ್ದುದು ಆ ಆರುವ ತೊಟ್ಟಿಗೆ.

ಕಾಲುವೆ ದಂಡೆಯ ಮೇಲೆ ಹಳೆಯ ಅರಳಿ ಮರವಿದೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಹೆಜ್ಜೇನು ಎಲ್ಲಿಂದಲೋ ಬಂದು ಅದರ ಎತ್ತರದ ಟೊಂಗೆಗಳಿಗೆ ಮೊರದಷ್ಟು ದೊಡ್ಡ ಹುಟ್ಟು ಕಟ್ಟುತ್ತವೆ. ಬೇಸಿಗೆ ಬಲಿಯುವಷ್ಟರಲ್ಲಿ ಎದ್ದು ಹೋಗುತ್ತವೆ. ಮರದಿಂದ ಒಂದು ಕಡೆಗೆ ಗಾಣ. ಇನ್ನೊಂದು ಕಡೆಗೆ, ಬಾವಿಯ ಹತ್ತಿರ, ನನ್ನ ಉಳ್ಳಾಗಡ್ಡಿಯ ತುಂಡು ಹೊಲ.

ಆ ಉಳ್ಳಾಗಡ್ಡಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಮ್ಮ ಅತ್ತೆಯವರು ತಮ್ಮ ತವರಿಂದ ತಂದ ಬೀಜ ಅದು. ಗಡ್ಡೆ ಸಣ್ಣದು, ಕಡುಗೆಂಪು. ಹೆಚ್ಚುವಾಗ ಪಕ್ಕದ ಮನೆಯವರ ಕಣ್ಣಲ್ಲೂ ನೀರು ಬರಬೇಕು, ಅಷ್ಟು ಖಾರ. ಜ್ವಾಳದ ರೊಟ್ಟಿಯ ಜೊತೆ ಒಂದನ್ನು ಗುದ್ದಿ ತಿಂದರೆ ಬೇರೆ ಪಲ್ಯ ಬೇಡ. ಅಥಣಿಯ ಅಂಗಡಿಯ ಪ್ಯಾಕೆಟ್ ಬೀಜದ ಗಡ್ಡೆ ದೊಡ್ಡದೇನೋ ಬರುತ್ತದೆ, ಆದರೆ ಮಳೆ ಶುರುವಾದರೆ ಕೊಳೆಯುತ್ತದೆ. ನಮ್ಮದು ಹಾಗಲ್ಲ, ಜಂತಿಗೆ ಕಟ್ಟಿದರೆ ಮುಂದಿನ ಸುಗ್ಗಿಯವರೆಗೂ ಇರುತ್ತದೆ. ಒಂದೇ ತೊಂದರೆ: ಉಳ್ಳಾಗಡ್ಡಿ ಬೀಜಕ್ಕೆ ಆಯುಸ್ಸು ಕಡಿಮೆ. ವರ್ಷ ದಾಟಿದರೆ ಮೊಳೆಯುವುದೇ ಅನುಮಾನ. ಅದಕ್ಕೆ ಪ್ರತಿ ವರ್ಷ ಒಳ್ಳೆಯ ಗಡ್ಡೆ ಆರಿಸಿ ಮತ್ತೆ ಹೂಳಬೇಕು, ಅದು ದಂಟು ಬಿಟ್ಟು ಬಿಳಿಯ ಚೆಂಡಿನಂಥ ಹೂವು ಬಿಡಬೇಕು, ಆ ಹೂವಿನಲ್ಲಿ ಕರಿ ಬೀಜ ಕಟ್ಟಬೇಕು.

ಅತ್ತೆಯವರು ಹೋದ ಮೇಲೆ ಆ ಕೆಲಸ ನನ್ನ ಮೇಲೆ ಬಿತ್ತು. ಊರಲ್ಲಿ ಬೇರೆ ಯಾರ ಹತ್ತಿರವೂ ಆ ಬೀಜ ಇರಲಿಲ್ಲ. ನಾನು ಹೇಳುತ್ತಿರುವ ಸುಗ್ಗಿಯ ಹಿಂದಿನ ವರ್ಷ ಹೂವಿನ ಕಾಲಕ್ಕೆ ಆಣಿಕಲ್ಲು ಮಳೆ ಹೊಡೆದು, ಕೈಗೆ ಹತ್ತಿದ್ದು ಒಂದಿಷ್ಟೇ ಬೀಜ. ಅದರಿಂದ ಬಂದ ಗಡ್ಡೆಯನ್ನೆಲ್ಲ ತಿನ್ನದೆ ಕಾದಿಟ್ಟು ಹೂಳಿದ್ದೆ. ಈ ಸಲ ಬೀಜ ಕಟ್ಟದಿದ್ದರೆ ಅತ್ತೆಯವರ ಉಳ್ಳಾಗಡ್ಡಿ ಅಲ್ಲಿಗೆ ಮುಗಿಯಿತು.

ಹೂವು ಚೆನ್ನಾಗಿಯೇ ಬಂತು. ಆದರೆ ಹುಳ ಬರಲಿಲ್ಲ. ಉಳ್ಳಾಗಡ್ಡಿಯ ಹೂವೆಂದರೆ ಮೊದಲೇ ಜೇನಿಗೆ ಅಷ್ಟಕ್ಕಷ್ಟೆ. ಪಕ್ಕದಲ್ಲಿ ಗಾಣ ನಡೆದಿರುವಾಗ ಅದರ ಕಡೆಗೆ ಯಾಕೆ ನೋಡುತ್ತವೆ? ಒಂದರ ಪರಾಗ ಇನ್ನೊಂದಕ್ಕೆ ಹತ್ತಲೆಂದು ಬೆಳಿಗ್ಗೆ ಹೋಗಿ ಹೂವಿನ ಚೆಂಡುಗಳನ್ನು ಅಂಗೈಯಿಂದ ಮೆಲ್ಲಗೆ ಸವರಿ ಬರುತ್ತಿದ್ದೆ. ಆದರೆ ಒಂದೊಂದು ಚೆಂಡಿನಲ್ಲೂ ಇವತ್ತಿಷ್ಟು, ನಾಳೆ ಇನ್ನಷ್ಟು ಎಂದು ಹೂವು ಅರಳುತ್ತಲೇ ಇರುತ್ತವೆ. ಮನುಷ್ಯರ ಕೈ ಎಷ್ಟಕ್ಕೆಂದು ಸಾಕಾದೀತು?

ಅಷ್ಟರಲ್ಲಿ ಗಾಣದಲ್ಲಿ ಕಬ್ಬಿನ ಸಿಪ್ಪೆ ಒಣಗಿಸಿ ಒಲೆಗೆ ತಂದು ಹಾಕುವ ಹೆಂಗಸಿಗೆ ಜೇನು ಕಚ್ಚಿತು. ಕಣ್ಣಿನ ರೆಪ್ಪೆಗೇ ಕಚ್ಚಿತ್ತು. ನಮ್ಮಲ್ಲಿ ಬಹಳ ವರ್ಷದಿಂದ ದುಡಿಯುವವಳು, ಬಾಯಿ ನನಗಿಂತ ಜೋರು. ಮುಖ ಬಾತುಕೊಂಡು ಅಡಿಗೆಮನೆ ಬಾಗಿಲಿಗೆ ಬಂದು ನಿಂತಳು.

"ವೈನಿ, ನೋಡ್ರಿ ಇಲ್ಲೆ ನನ್ನ ಕಣ್ಣ! ಆ ಜೇನರ ಇರಬೇಕು, ಇಲ್ಲಾ ನಾವರ ಇರಬೇಕು. ಸುಟ್ಟ ಬಿಡ್ರಿ ಅತ್ಲಾಗ!"

ಅವಳ ಕಣ್ಣಿಗೆ ತಣ್ಣೀರಿನ ಬಟ್ಟೆ ಒತ್ತಿದೆ, ಮಾತ್ರೆ ತರಿಸಿಕೊಟ್ಟೆ, ಬಿಸಿ ಚಹಾ ಕುಡಿಸಿದೆ. ಸಂಜೆ ನನ್ನ ಯಜಮಾನರು ಮನೆಗೆ ಬಂದವರೇ ಹೇಳಿದರು, "ಅಮಾಸಿ ಕತ್ತಲಾಗ ಜೇನ ಬಿಡಸವ್ರು ಬರತಾರ. ಹೇಳಿ ಬಂದೇನಿ. ಬೆಂಕಿ ಹಿಡದ ಎಲ್ಲಾ ತಗದ ಬಿಡತಾರ."

"ಯಾರನ್ನ ಕೇಳಿ ಹೇಳಿ ಬಂದ್ರಿ?"

"ಯಾರನ್ನ ಕೇಳಬೇಕಿತ್ತ? ಜೇನನ್ನ ಕೇಳಬೇಕಿತ್ತೇನ?"

ನನ್ನ ಪಿತ್ತ ನೆತ್ತಿಗೇರಿತು. "ನಿಮ್ಮವ್ವನ ಉಳ್ಳಾಗಡ್ಡಿಗೆ ಹುಳ ಎಲ್ಲಿಂದ ತರತೀರಿ? ಅಥಣಿ ಅಂಗಡ್ಯಾಗ ಹುಳಾನೂ ಪ್ಯಾಕೆಟ್‌ನ್ಯಾಗ ಸಿಗತಾವೇನ?" ಎಂದು ಕೇಳಿದೆ. ಅವರ ಕಷ್ಟವೂ ನನಗೆ ಗೊತ್ತಿತ್ತು. ಆಳುಗಳು ಬರುವುದಿಲ್ಲವೆಂದರೆ ಗಾಣ ನಿಲ್ಲುತ್ತದೆ, ಕಡಿದ ಕಬ್ಬು ಒಣಗುತ್ತದೆ. ಆದರೂ ಆ ರಾತ್ರಿ ನಾನು ಅವರೊಡನೆ ಮಾತಾಡಲಿಲ್ಲ.

ಮರುದಿನ ನಮ್ಮ ಅಣ್ಣನ ಮಗಳಿಗೆ ಫೋನು ಹಚ್ಚಿದೆ. ಅವಳು ಓದುತ್ತಿದ್ದುದೇ ಜೇನುಹುಳದ ಬುದ್ಧಿಯ ಬಗ್ಗೆ. ಅವಕ್ಕೆ ಏನು ನೆನಪಿರುತ್ತದೆ, ಹೇಗೆ ಕಲಿಯುತ್ತವೆ, ಹೇಗೆ ಒಂದಕ್ಕೊಂದು ತಿಳಿಸುತ್ತವೆ, ಇದೇ ಅವಳ ಸಂಶೋಧನೆ. ನಿಪ್ಪಾಣಿಯಲ್ಲಿ ನಮ್ಮ ಬಳಗವೆಲ್ಲ ಸೇರಿದಾಗ ಅಣ್ಣನನ್ನು ಕಾಡಿಸುತ್ತಿದ್ದರು: "ಏನಪಾ, ಮಗಳು ಹುಳಕ್ಕ ಪಾಠಾ ಹೇಳತಾಳಂತ?" ಅಣ್ಣ ಪಾಪ, ನಗುತ್ತಿದ್ದ. ನಾನೂ ನಗುತ್ತಿದ್ದೆ. ಸಂಕ್ರಾಂತಿಗೆಂದು ಊರಿಗೆ ಬಂದಿದ್ದ ಅವಳು ನನ್ನ ದನಿ ಕೇಳಿದವಳೇ ರಜೆ ಮುಂದುವರಿಸಿಕೊಂಡು, ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಂದಿಳಿದಳು.

ಬಂದವಳು ಮೊದಲ ದಿನ ಏನೂ ಮಾಡಲಿಲ್ಲ. ಕಾಲುವೆ ದಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು, ದುರ್ಬೀನು ಹಿಡಿದು ಹುಟ್ಟು ನೋಡುತ್ತ ಕುಳಿತಳು. ಊಟಕ್ಕೆ ಕರೆದರೆ "ಬಂದೆ ಆತ್ಯಾ" ಅನ್ನುವುದು, ಏಳದಿರುವುದು. ನಾನೇ ರೊಟ್ಟಿ ಕಟ್ಟಿಕೊಂಡು ಹೋದೆ.

"ಅಮಾಸಿ ಹತ್ರ ಬಂತು. ನೀ ಇಲ್ಲೆ ಸಿನೆಮಾ ನೋಡಿದ್ಹಂಗ ನೋಡಕೋತ ಕುಂತೀಯಲ್ಲವಾ?"

"ಸಿನೆಮಾನ ಐತಿ. ನೀನೂ ನೋಡು," ಎಂದು ದುರ್ಬೀನು ನನ್ನ ಕಣ್ಣಿಗೆ ಹಿಡಿದಳು.

ನನಗೆ ಮೊದಲು ಬರೀ ಕಪ್ಪು ಕಂಡಿತು. ಆಮೇಲೆ ಆ ಕಪ್ಪಿನ ಮೇಲೆ ಒಂದು ಹುಳ ಹಿಂಭಾಗ ಅಲ್ಲಾಡಿಸುತ್ತ ನೆಟ್ಟಗೆ ಓಡುವುದು, ತಿರುಗಿ ಬರುವುದು, ಮತ್ತೆ ಅದೇ ಗೆರೆಯಲ್ಲಿ ಓಡುವುದು ಕಂಡಿತು. ಸುತ್ತ ನಾಲ್ಕಾರು ಹುಳ ಅದರ ಬೆನ್ನು ಹತ್ತಿದ್ದವು.

"ಅಗಬಾಯಿ, ಕುಣಿಯಾಕತ್ತೈತಿ!"

"ಕುಣಿದು ಹಾದಿ ಹೇಳಾಕತ್ತೈತಿ ಆತ್ಯಾ. ಯಾವ ದಿಕ್ಕಿಗೆ ಹೋಗಬೇಕು, ಎಷ್ಟು ದೂರ ಹೋಗಬೇಕು, ಎಲ್ಲಾ ಅದರಾಗ ಐತಿ. ಮುಂಜಾನಿಂದ ನೋಡಾಕತ್ತೇನಿ, ಎಲ್ಲಾರೂ ಗಾಣದ ದಿಕ್ಕನ್ನ ಹೇಳಾಕತ್ತಾರ. ನಿನ್ನ ಉಳ್ಳಾಗಡ್ಡಿ ಹೆಸರ ಒಬ್ಬರೂ ಎತ್ತವಲ್ರು."

ಆ ಮಾತು ಕೇಳಿ ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಹುಳಗಳ ಊರಲ್ಲೂ ನನ್ನ ಉಳ್ಳಾಗಡ್ಡಿಗೆ ಬೆಲೆಯಿಲ್ಲವಲ್ಲ ಅನಿಸಿತು.

ಮರುದಿನ ಅವಳು ಗಾಣಕ್ಕೆ ಬಂದಳು. ನಮ್ಮ ಮಾವನವರದೊಂದು ಪದ್ಧತಿ ಇದೆ. ಗಾಣಕ್ಕೆ ಯಾರೇ ಬರಲಿ, ದಾರಿಹೋಕರು, ಶಾಲೆಯ ಮಕ್ಕಳು, ಬಸ್ಸು ತಪ್ಪಿಸಿಕೊಂಡವರು, ಒಂದು ಲೋಟ ಕಬ್ಬಿನ ಹಾಲು ಕುಡಿಯದೆ ಹೋಗುವಂತಿಲ್ಲ. ಎಲ್ಲರಿಗಿಂತ ಮೊದಲಿನದು ದೇವರಿಗೆ. ಗಾಣದ ಬಾಗಿಲ ಬದಿಗೆ ಒಂದು ಕಲ್ಲಿದೆ, ನಡುವೆ ಸ್ವಲ್ಪ ತಗ್ಗು. ಮುಂಜಾನೆ ಮೊದಲ ತಂಬಿಗೆ ಕಬ್ಬಿನ ಹಾಲನ್ನು ಅವರು ಅದರ ಮೇಲೆ ಸುರಿದು ಕೈ ಮುಗಿಯುತ್ತಾರೆ. ಗಡಿಯಾರ ನೋಡುವ ಮನುಷ್ಯರಲ್ಲ, ಆದರೆ ಅವರ ಹೊತ್ತು ಮಾತ್ರ ಎಂದೂ ತಪ್ಪುವುದಿಲ್ಲ.

ಆ ದಿನ ಕರೆಂಟು ಕೈಕೊಟ್ಟಿತ್ತು, ಗಾಣ ನಡೆಯಲಿಲ್ಲ. ಕಲ್ಲಿನ ಮೇಲೆ ಹನಿ ಹಾಲಿಲ್ಲ. ಆದರೂ ಅದೇ ಹೊತ್ತಿಗೆ ಹುಳಗಳು ಬಂದವು. ಕಲ್ಲಿನ ಮೇಲೆ ಸುತ್ತಿದವು, ಇಳಿದವು, ತಗ್ಗಿನೊಳಗೆ ತಿರುಗಾಡಿ ನೋಡಿದವು, ಮತ್ತೆ ಎದ್ದು ಸುತ್ತಿದವು. ಊಟಕ್ಕೆ ಬನ್ನಿ ಎಂದು ಕರೆಸಿಕೊಂಡು ಬಂದ ನೆಂಟರು ಮುಚ್ಚಿದ ಕದದ ಮುಂದೆ ನಿಂತಂತೆ ಕಂಡಿತು ನನಗೆ. ಸಂಕಟವಾಯಿತು.

"ಅಜ್ಜಾ," ಎಂದಳು ಹುಡುಗಿ ಮಾವನವರಿಗೆ, "ಇವಕ್ಕ ನಿಮ್ಮ ಟೈಮ ಬಾಯಿಪಾಠ ಆಗೇತ್ರಿ. ಮೊದಲ ಇಲ್ಲೆ ಬರತಾವ, ಇಲ್ಲಿಂದ ವಾಸನಿ ಹಿಡದು ಒಳಗ ತೊಟ್ಟಿಗೆ ಹೋಗತಾವ."

ಮಾವನವರು ಒಪ್ಪಲಿಲ್ಲ. "ಏ, ದೇವರ ಹಾಲು ಕುಡದ ಹುಳ ಸಾಯತಾವಂತ ಹೇಳತೀಯೇನ ತಂಗಿ?"

ಅವಳು ವಾದ ಮಾಡಲಿಲ್ಲ. ಕರೆಂಟು ಬಂದ ದಿನ ಹುಲ್ಲಿನ ಕಡ್ಡಿಯ ತುದಿಯಿಂದ, ಕಲ್ಲಿನ ಮೇಲೆ ಹಾಲು ಹೀರುತ್ತ ಮೈಮರೆತ ಹುಳಗಳ ಬೆನ್ನಿಗೆ ಒಂದೊಂದು ಹಳದಿ ಚುಕ್ಕೆ ಇಟ್ಟಳು. ಎಷ್ಟು ಹಗುರ ಕೈ! ಒಂದೂ ಏಳಲಿಲ್ಲ. ಸಂಜೆ ನಾನು ತೊಟ್ಟಿಯಿಂದ ಬಳಿದ ಹುಳಗಳನ್ನು ಮಾವನವರ ಮುಂದೆ ಬಾಳೆ ಎಲೆಯ ಮೇಲೆ ಹರವಿದಳು. ಅದರಲ್ಲಿ ಹಳದಿ ಚುಕ್ಕೆಯವು ಇದ್ದವು. ಮಾವನವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಮುಂಜಾನೆ ತಮ್ಮ ಕಣ್ಣ ಮುಂದೆ ಚುಕ್ಕೆ ಇಡಿಸಿಕೊಂಡು ಹಾರಿ ಹೋದದ್ದು ಸಂಜೆ ಪಾಕದಲ್ಲಿ ಬೆಂದು ಬಂದಿದ್ದನ್ನು ನೋಡಿ ಅವರ ಮುಖ ಬಾಡಿತು. ನನಗಂತೂ ಕಣ್ಣೀರು ಬಂತು.

"ಮತ್ತ ಏನ ಮಾಡೂದವಾ?" ಎಂದು ಅವರೇ ಕೇಳಿದರು.

ಹುಡುಗಿ ಹೇಳಿದ್ದು ಇಷ್ಟು. ನೊರೆಯ ಗುಂಡಿಯನ್ನು ಮಣ್ಣಿನಿಂದ ಮುಚ್ಚಬೇಕು, ಚೆಲ್ಲಿದ್ದನ್ನು ಆಗಾಗ ತೊಳೆಯಬೇಕು, ತೊಟ್ಟಿಯ ಸುತ್ತ ದಟ್ಟ ಜಾಳಿಗೆಯ ಪರದೆ ಕಟ್ಟಬೇಕು. ಅಷ್ಟರಿಂದಲೇ ಆಗುವುದಿಲ್ಲ, ಯಾಕೆಂದರೆ ರೂಢಿಯಾದ ಹುಳ ಸಂದಿ ಹುಡುಕುತ್ತದೆ. ಅದಕ್ಕೆ, ಅದೇ ಹೊತ್ತಿಗೆ, ಬೇರೆ ಕಡೆಗೆ ಊಟ ಇಡಬೇಕು. ಆ ಊಟಕ್ಕೆ ಉಳ್ಳಾಗಡ್ಡಿ ಹೂವಿನ ವಾಸನೆ ಹಿಡಿಸಬೇಕು. ಆ ವಾಸನೆ ಅಂದರೆ ಸಿಹಿ ಎಂದು ಅವಕ್ಕೆ ಒಮ್ಮೆ ನೆನಪಾಗಿ ಕೂತರೆ ಹೊಲದಲ್ಲಿ ಹೂವನ್ನು ತಾವೇ ಹುಡುಕಿಕೊಳ್ಳುತ್ತವೆ.

"ಅಂದರ? ಕಬ್ಬಿನ ಹಾಲಿನ್ಯಾಗ ಉಳ್ಳಾಗಡ್ಡಿ ಹೂವ ಹಾಕೂದ?" ಮಾವನವರು ಎದ್ದು ನಿಂತರು. "ಮೊದಲ ತಂಬಗಿ ಹಾಲಿನ್ಯಾಗ? ದೇವರ ನೈವೇದ್ಯಕ್ಕ ಉಳ್ಳಾಗಡ್ಡಿ! ನಿಮ್ಮ ತಲಿ ನೆಟ್ಟಗ ಐತಿಲ್ಲೊ?"

ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ತಿನ್ನದ ದಿನವಿಲ್ಲ. ಆದರೆ ದೇವರ ಎಡೆಯ ಹತ್ತಿರ ಅದು ಸುಳಿಯುವಂತಿಲ್ಲ. ಹಬ್ಬದ ಅಡಿಗೆಯ ದಿನ ಉಳ್ಳಾಗಡ್ಡಿಯ ಬುಟ್ಟಿಯನ್ನೇ ಹಿತ್ತಲಿಗೆ ಇಡುವ ಮನೆ ಇದು. ಹುಡುಗಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು? ಅವಳು ಹುಳದ ನೆನಪಿನ ಬಗ್ಗೆ ಯೋಚಿಸಿದ್ದಳೇ ಹೊರತು ಅಜ್ಜನ ದೇವರ ಬಗ್ಗೆ ಯೋಚಿಸಿರಲಿಲ್ಲ. ಬೆಪ್ಪಾಗಿ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆದರೆ ಜಗಳವೇ ಆಗುತ್ತಿತ್ತು, ಅದಕ್ಕೆ ಎಂದೂ ಇಲ್ಲದಂತೆ ತುಟಿ ಬಿಗಿಹಿಡಿದೆ. ಮಾವನವರು ಉಂಡೇ ಇಲ್ಲ, ಮಜ್ಜಿಗೆ ಕುಡಿದು ಮಲಗಿದರು.

ಮುಂಜಾನೆ ಅವರೇ ನ್ಯಾಯ ಹೇಳಿದರು. "ಮೊದಲನೇ ತಂಬಗಿ ದೇವರದು. ಅದಕ್ಕ ಯಾರೂ ಕೈ ಹಚ್ಚೂದು ಬ್ಯಾಡ. ಸುರದು, ಕೈ ಮುಗದು, ನೀರ ಹಾಕಿ ತೊಳದು ಬುಟ್ಟಿ ಡಬ್ಬ ಹಾಕತೇನಿ. ಎರಡನೇ ತಂಬಗಿ ಬೀಗರದು. ಬೀಗರು ಉಳ್ಳಾಗಡ್ಡಿ ತಿಂತಾರೋ, ಬಳ್ಳೊಳ್ಳಿ ತಿಂತಾರೋ, ಅದು ಅವರ ಮರ್ಜಿ."

ಹುಡುಗಿ ಬಿದ್ದು ಬಿದ್ದು ನಕ್ಕಳು. ಅಂದಿನಿಂದ ಜೇನಿಗೆ ನಮ್ಮ ಮನೆಯಲ್ಲಿ ಬೀಗರು ಎಂದೇ ಹೆಸರಾಯಿತು. ಅವರ ಮರ್ಯಾದೆಯೂ ಬೀಗರ ಮರ್ಯಾದೆಯೇ: ಹೊತ್ತಿಗೆ ಸರಿಯಾಗಿ ಆಗಬೇಕು, ಕಡಿಮೆ ಬೀಳಬಾರದು, ಸಿಟ್ಟಿಗೆದ್ದರೆ ಗತಿಯಿಲ್ಲ.

ಗುಂಡಿ ಮುಚ್ಚಿ, ತೊಟ್ಟಿಯ ಸುತ್ತ ಪರದೆ ಕಟ್ಟಿದೆವು. ಅಗಲವಾದ ತಟ್ಟೆಯಲ್ಲಿ ಕಬ್ಬಿನ ಹಾಲು ಹಾಕಿ, ಹುಳ ಮುಳುಗದಿರಲೆಂದು ಸಣ್ಣ ಹರಳುಕಲ್ಲು ಹರವಿ, ನಾನು ರಾತ್ರಿಯೇ ಉಳ್ಳಾಗಡ್ಡಿ ಹೂವು ನೆನೆಹಾಕಿದ ನೀರನ್ನು ಬೆರೆಸಿ ಕಲ್ಲಿನ ಪಕ್ಕಕ್ಕೇ, ಕೂಡುವ ಬಿದಿರಿನ ಮೋಡಾದ ಮೇಲೆ ಇಟ್ಟೆವು. ಬೀಗರು ಬಂದರು, ಉಂಡರು. ಇನ್ನು ತಟ್ಟೆಯನ್ನು ದಿನಕ್ಕಿಷ್ಟು ಎಂದು ಹೊಲದ ಕಡೆಗೆ ಸರಿಸಬೇಕು ಎಂದಳು ಹುಡುಗಿ. ನನ್ನ ಯಜಮಾನರಿಗೆ ತಾಳ್ಮೆ ಎಲ್ಲಿಯದು? ಅಮಾವಾಸ್ಯೆ ಬಂದೇ ಬಿಟ್ಟಿತಲ್ಲ ಎಂದು ಮರುದಿನ ಯಾರಿಗೂ ಹೇಳದೆ ತಟ್ಟೆ ಎತ್ತಿಕೊಂಡು ಒಂದೇ ಏಟಿಗೆ ಉಳ್ಳಾಗಡ್ಡಿ ಹೊಲದ ನಡುವೆ ಇಟ್ಟು ಬಂದರು. ಒಳ್ಳೆಯ ಕೆಲಸ ಮಾಡಿದೆ ಎಂಬ ಮುಖ ಬೇರೆ.

ಹೊಲದ ತಟ್ಟೆಗೆ ಒಂದು ಹುಳವೂ ಬರಲಿಲ್ಲ. ಎಲ್ಲವೂ ಗಾಣದ ಬಾಗಿಲಿಗೆ ಬಂದು, ತಟ್ಟೆ ಕಾಣದೆ, ಪರದೆಯ ಸಂದಿಯಿಂದ ಒಳಗೆ ನುಗ್ಗಿದವು. ಆ ದಿನ ತೊಟ್ಟಿ ತುಂಬ ಹುಳ. ಸಿಪ್ಪೆ ಒಣಗಿಸುವವಳು ಬುಟ್ಟಿ ಒಗೆದು, "ನಿಮ್ಮ ಬೀಗರ ಚಾಕರಿ ನನಗ ಆಗೂದಿಲ್ರಿ ವೈನಿ!" ಎಂದು ಸೆರಗು ಮುಖಕ್ಕೆ ಸುತ್ತಿಕೊಂಡು ಮನೆಗೆ ನಡೆದಳು. ಅವಳ ಹಿಂದೆ ಇನ್ನಿಬ್ಬರು ಹೋದರು. ಒಲೆ ಆರಿತು.

"ಮಾಮಾ," ಎಂದಳು ಹುಡುಗಿ ನನ್ನ ಯಜಮಾನರಿಗೆ, ಸಿಟ್ಟಿಲ್ಲದ ದನಿಯಲ್ಲಿ, "ಅವಕ್ಕ ನಿಮ್ಮ ತಟ್ಟಿ ನೆನಪಿಲ್ರಿ, ಜಾಗಾ ನೆನಪೈತಿ. ಸಮೀಪ ಸರಿಸಿದ್ರ ಹುಡಕಿ ಹಿಡೀತಾವ. ಅಷ್ಟ ದೂರ ಒಯ್ದ್ರ, ಅವಕ್ಕ ಊಟಾನ ಇಲ್ಲ ಅನಸತೈತಿ. ಮತ್ತ ಕಲ್ಲಿನಿಂದ ಶುರು ಮಾಡೂನು."

ಅವಳ ತಾಳ್ಮೆ ನೋಡಿ ನನಗೇ ನಾಚಿಕೆಯಾಯಿತು. ನಾನಾಗಿದ್ದರೆ ಯಜಮಾನರ ಏಳು ತಲೆಮಾರು ಎತ್ತಿ ಬೈಯುತ್ತಿದ್ದೆ.

ಈ ಸಲ ತಟ್ಟೆ ಸರಿಸುವ ಕೆಲಸವನ್ನು ಮಾವನವರು ತಮ್ಮ ಕೈಗೆ ತೆಗೆದುಕೊಂಡರು. ಅವರಿಗೆ ಮೊಣಕಾಲು ನೋವು, ಅವಸರ ಮಾಡೋಣವೆಂದರೂ ಆಗುವುದಿಲ್ಲ. ಹುಳ ಉಣ್ಣಲು ಕೂತಾಗ ಮೋಡಾ ಸಮೇತ ತಟ್ಟೆ ಎತ್ತಿ ಸ್ವಲ್ಪ ಮುಂದೆ ಇಡುವರು. ಕೂತು ವಿಶ್ರಾಂತಿ ತೆಗೆದುಕೊಳ್ಳುವರು. ಹೋದ ಹುಳ ತಿರುಗಿ ಬಂದು, ಹಳೆಯ ಜಾಗದಲ್ಲಿ ಸುತ್ತಿ, ವಾಸನೆ ಹಿಡಿದು ತಟ್ಟೆಗೆ ಬಂದ ಮೇಲೆ ಮತ್ತೆ ಸ್ವಲ್ಪ ಮುಂದೆ. ತಲೆಯ ಸುತ್ತ ಹೆಜ್ಜೇನು ಗುಂಯ್‌ಗುಟ್ಟುತ್ತಿದ್ದರೂ ಒಂದೂ ಅವರನ್ನು ಮುಟ್ಟಲಿಲ್ಲ. ಉಣ್ಣಲು ಬಂದ ಹುಳ ಕಚ್ಚುವುದಕ್ಕೆ ಬರುವುದಿಲ್ಲ, ನಾವು ಕೈ ಬೀಸಬಾರದು ಅಷ್ಟೆ ಎಂದು ಹುಡುಗಿ ಹೇಳಿದ್ದಳು. ಮಾವನವರು ಅವುಗಳೊಡನೆ ಮಾತಾಡುತ್ತ ಹೋಗುತ್ತಿದ್ದರು: "ಬರ್ರಿ, ಹಿಂಗ ಬರ್ರಿ, ಅಲ್ಲೇನೈತಿ ಗಾಣದಾಗ? ನಮ್ಮ ಸೊಸಿ ಹೊಲಾ ನೋಡಬರ್ರಿ."

ದೇವರಿಗೂ ಬೀಗರಿಗೂ ಆಗುವಷ್ಟು ಹಾಲು ತೆಗೆಯುವುದು ಬಿಟ್ಟರೆ ಗಾಣ ನಿಂತೇ ಇತ್ತು. ಆದರೂ ಸಿಪ್ಪೆ ಒಣಗಿಸುವವಳು ದಿನಾ ಬಂದು ದೂರದ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದಳು. "ಮುದಕಗ ಹುಚ್ಚ ಹಿಡದೈತಿ," ಎಂದು ಮೊದಲ ದಿನ ಹೇಳಿದಳು. ಮಾರನೆಯ ದಿನ, "ಒಂದೂ ಕಚ್ಚವಲ್ತಲ್ರಿ ವೈನಿ?" ಎಂದಳು. ಆಮೇಲಿನ ದಿನ ಮಾವನವರು ಮೋಡಾ ಎತ್ತಲಾರದೆ ನಿಂತಾಗ, ಮುಖಕ್ಕೆ ಸೆರಗು ಕಟ್ಟಿಕೊಂಡು ಹೋಗಿ ಅವಳೇ ಎತ್ತಿಕೊಟ್ಟಳು. ಒಂದು ಹುಳ ಅವಳ ಕೈಯ ಮೇಲೇ ಕೂತಿತು. ಆದರೂ ಬೀಸಲಿಲ್ಲ.

ತಟ್ಟೆ ಹೊಲದ ಬದುವಿಗೆ ಬಂದ ದಿನ ನಾವೆಲ್ಲ ಅಲ್ಲೇ ಕೂತು ನೋಡಿದೆವು. ತಟ್ಟೆಯಲ್ಲಿ ಹಾಲು ಮುಗಿಯಿತು. ಹುಡುಗಿ ಮತ್ತೆ ಹಾಕಬೇಡಿ ಎಂದಳು. ಹುಳಗಳು ಎದ್ದವು, ಸುತ್ತಿದವು. ಒಂದು ಬದುವಿನ ಮೊದಲ ಸಾಲಿನ ಹೂವಿನ ಮೇಲೆ ಇಳಿಯಿತು. ಚೆಂಡಿನ ಮೇಲೆಲ್ಲ ತಿರುಗಾಡಿ ಪಕ್ಕದ ಹೂವಿಗೆ ಹೋಯಿತು. ಅದರ ಹಿಂದೆ ಇನ್ನೊಂದು ಇಳಿಯಿತು. ಹುಡುಗಿ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ನೋಯುತ್ತಿತ್ತು. ಅವಳಿಗೂ ಇದು ಆಗುತ್ತದೋ ಇಲ್ಲವೋ ಖಾತ್ರಿ ಇರಲಿಲ್ಲವೆಂದು ನನಗೆ ಆಗ ಗೊತ್ತಾಯಿತು. ಪೆಟ್ಟಿಗೆಯ ಜೇನಿನ ಮೇಲೆ ಕಲಿತ ವಿದ್ಯೆಯಂತೆ, ಹೆಜ್ಜೇನಿನ ಮೇಲೆ ಅವಳು ಮಾಡಿ ನೋಡಿದ್ದು ಅದೇ ಮೊದಲು. ಮೊದಲೇ ಹೇಳಿದ್ದರೆ ನಾನು ನಿದ್ದೆ ಮಾಡುತ್ತಿರಲಿಲ್ಲ.

ಮರುದಿನ ದುರ್ಬೀನಿನಲ್ಲಿ ನೋಡಿದರೆ ಹುಟ್ಟಿನ ಮೇಲಿನ ಕುಣಿತದ ದಿಕ್ಕು ತಿರುಗಿತ್ತು. ಎಲ್ಲವೂ ಅಲ್ಲ, ಆದರೆ ಬಹಳಷ್ಟು ಬಾವಿಯ ಕಡೆಗೆ ಹಾದಿ ಹೇಳುತ್ತಿದ್ದವು. ನನ್ನ ಉಳ್ಳಾಗಡ್ಡಿಯ ಹೆಸರು ಕೊನೆಗೂ ಹುಳಗಳ ಊರಿಗೆ ಮುಟ್ಟಿತ್ತು.

ಅಮಾವಾಸ್ಯೆಯ ದಿನ ಮಧ್ಯಾಹ್ನ ಜೇನು ಬಿಡಿಸುವವರು ಮರ ನೋಡಿ ಹೋಗಲು ಮೋಟಾರು ಸೈಕಲ್ಲಿನ ಮೇಲೆ ಬಂದರು. ಗಾಣ ಆಗತಾನೇ ಮತ್ತೆ ಶುರುವಾಗಿತ್ತು. ತೊಟ್ಟಿಯಲ್ಲಿ ಪಾಕ ಆರುತ್ತಿತ್ತು, ಪರದೆಯ ಹೊರಗೆ ಅಲ್ಲೊಂದು ಇಲ್ಲೊಂದು ಹುಳ. ನನ್ನ ಯಜಮಾನರು ತೊಟ್ಟಿಯನ್ನೊಮ್ಮೆ ನೋಡಿದರು, ಕೆಲಸಕ್ಕೆ ಬಂದಿದ್ದ ಆಕೆಯ ಮುಖ ನೋಡಿದರು. ಅವಳು ಸಿಪ್ಪೆ ಹರವುತ್ತಲೇ ಇದ್ದಳು. "ಚಾ ಕುಡದ ಹೋಗ್ರೆಪಾ," ಎಂದರು ಯಜಮಾನರು ಬಂದವರಿಗೆ, "ಈ ವರ್ಷ ಬ್ಯಾಡ." ಅವರಿಗೆ ಒಂದೊಂದು ಬೆಲ್ಲದ ಪೆಂಟೆ ಕೊಟ್ಟು ಕಳಿಸಿದರು. ನಾನು ಒಳಗೆ ಹೋಗಿ ಚಹಾಕ್ಕೆ ನೀರಿಡುತ್ತ, ಯಾರೂ ನೋಡದಂತೆ ಅತ್ತುಬಿಟ್ಟೆ. ಸಿಟ್ಟು ಬಂದಾಗ ಊರಿಗೆಲ್ಲ ಕೇಳಿಸುವ ನಾನು ಅಳುವಾಗ ಮಾತ್ರ ಗುಟ್ಟಾಗಿ ಅಳುತ್ತೇನೆ.

ಹೊರಡುವ ದಿನ ಹುಡುಗಿ ಮತ್ತು ನಾನು ಬಸ್ಸಿಗೆ ಕಾಯುತ್ತ ಕೂತಿದ್ದೆವು. ಅವಳು ಹೇಳಿದಳು, ಬೇರೆ ಬೇರೆ ಕಡೆ ಜನ ಹೀಗೆಯೇ ಆನೆ, ಹಕ್ಕಿ, ಕೋತಿಗಳ ಬುದ್ಧಿ ಓದುತ್ತಿದ್ದಾರಂತೆ. ಪ್ರಾಣಿಗೆ ಏನು ನೆನಪಿರುತ್ತದೆ, ಯಾವುದಕ್ಕೆ ಅಂಜುತ್ತದೆ, ಯಾವುದಕ್ಕೆ ಅಂಜಿ ಅಂಜಿ ಕೊನೆಗೆ ಬೇಸತ್ತು ಅಂಜುವುದನ್ನೇ ಬಿಡುತ್ತದೆ ಎಂದು ಗೊತ್ತಾದರೆ, ಅದನ್ನು ಕೊಲ್ಲದೆ ಅದರ ಜೊತೆ ಬದುಕುವ ದಾರಿ ಸಿಗುತ್ತದಂತೆ. ನನಗೆ ನಮ್ಮ ಹೊಳೆಯ ಮೊಸಳೆ ನೆನಪಾಯಿತು. ಬಟ್ಟೆ ಒಗೆಯುವವರು ದಿನಾ ಒಂದೇ ಹೊತ್ತಿಗೆ, ಒಂದೇ ಕಲ್ಲಿಗೆ ಹೋಗಬೇಡಿ ಎಂದು ಅತ್ತೆಯವರು ಎಲ್ಲರಿಗೂ ಹೇಳುತ್ತಿದ್ದರು. ಮೊಸಳೆಯೂ ನಮ್ಮನ್ನು ನೋಡಿ ಕಲಿಯುತ್ತದೆ ಎಂದು ಅವರಿಗೆ ಅನುಮಾನ. ಅದನ್ನು ಹೇಳಿದೆ. "ಆ ಅನುಮಾನದಿಂದನ ನಮ್ಮ ಓದು ಶುರು ಆಗತೈತಿ ಆತ್ಯಾ," ಎಂದಳು.

ಆ ಹುಡುಗಿಯ ಓದಿಗೆ ನಾವೆಲ್ಲ ನಕ್ಕಿದ್ದೆವಲ್ಲ. ಈಗ ಅವಳಿಗೆ ಕಲಿಸಿದವರು ಯಾರೋ, ಅವರಿಗ್ಯಾರು ಕಲಿಸಿದರೋ, ಎಲ್ಲೆಲ್ಲಿಯೋ ಬಿಸಿಲಲ್ಲಿ ಕೂತು ಹುಳದ ಬೆನ್ನಿಗೆ ಚುಕ್ಕೆ ಇಟ್ಟು ಅದು ತಿರುಗಿ ಬರುವುದನ್ನು ಕಾದ ಜನ ಯಾರ್‍ಯಾರೋ, ಅವರೆಲ್ಲರಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅವರಿಗೆ ಶಿರಗುಪ್ಪಿಯ ಹೆಸರೇ ಗೊತ್ತಿರಲಿಕ್ಕಿಲ್ಲ. ನಮ್ಮ ಮನೆಯ ಜಂತಿಗೆ ಉಳ್ಳಾಗಡ್ಡಿ ಕಟ್ಟಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಇಂದಿಗೂ ತೊಟ್ಟಿಯಲ್ಲಿ ಒಂದಷ್ಟು ಹುಳ ಬೀಳುತ್ತವೆ, ಇಂದಿಗೂ ನಾನು ಬೈಯುತ್ತ ಬಳಿಯುತ್ತೇನೆ. ಹಾರೂಗೇರಿ ಕಡೆಯ ನೆಂಟರೊಬ್ಬರು ಇದನ್ನೆಲ್ಲ ಕೇಳಿ, "ಹುಳಕ್ಕ ಇಷ್ಟ ಯಾಕ?" ಎಂದರು. ಅವರಿಗೆ ಒಂದು ಉಳ್ಳಾಗಡ್ಡಿ ಗುದ್ದಿ ಕೊಟ್ಟೆ. ತಿಂದು, ಕಣ್ಣು ಒರೆಸಿಕೊಂಡು ಇನ್ನೊಂದಕ್ಕೆ ಕೈ ಚಾಚಿದರು.

ಆ ವರ್ಷದ ಬೇಸಿಗೆಗೆ ಹೂವಿನ ಚೆಂಡುಗಳು ಒಣಗಿದವು. ತಾಡಪತ್ರಿ ಹಾಸಿ, ಚೆಂಡುಗಳನ್ನು ಅಂಗೈಯಲ್ಲಿ ಉಜ್ಜಿದೆ. ಮೊದಲನೆಯದನ್ನು ಉಜ್ಜಿ ಬಾಯಿಂದ ಊದಿದೆ. ಹೊಟ್ಟು ಹಾರಿದ ಮೇಲೆ ಅಂಗೈಯಲ್ಲಿ ಕರಿ ಬೀಜ ಉಳಿದವು, ಗಟ್ಟಿ ಬೀಜ. ಎರಡನೆಯದರಲ್ಲೂ ಉಳಿದವು. ಎಲ್ಲ ಉಜ್ಜಿ ತೂರಿದಾಗ ಹಿಂದೆ ಯಾವ ವರ್ಷವೂ ಕಾಣದಷ್ಟು ಬೀಜ ಮೊರದಲ್ಲಿತ್ತು. "ಅತ್ತೀ, ನೋಡ್ರಿ," ಎಂದು ಜೋರಾಗಿಯೇ ಹೇಳಿದೆ, ಇಲ್ಲದವರಿಗೆ.

ಬೇಲಿಯ ಆಚೆಯಿಂದ ಸಿಪ್ಪೆ ಒಣಗಿಸುವವಳು ಕೇಳಿಸಿಕೊಂಡಳೇನೋ, ಒಳಗೆ ಬಂದಳು. ಮೊರದ ಹತ್ತಿರ ಕೂತು ಬೀಜವನ್ನು ಬೆರಳಿಂದ ಆಡಿಸಿದಳು.

"ವೈನಿ, ನನಗೊಂದ ಹಿಡಿ ಕೊಡ್ರಿ. ಹಿತ್ತಲದಾಗ ಹಾಕತೇನಿ."

"ಸುಟ್ಟ ಬಿಡ್ರಿ ಅಂದಾಕಿ ನೀನ ಅಲ್ಲೇನ?"

"ಅಂದಿದ್ದೆ. ಕಣ್ಣ ಬಾತಿತ್ತ, ಮತ್ತೇನ ಅನ್ಲಿ?"

ಒಂದು ಹಿಡಿ ಕೊಟ್ಟೆ. ಸೆರಗಿನ ತುದಿಗೆ ಕಟ್ಟಿಕೊಂಡಳು. ಎದ್ದವಳು ಅರಳಿ ಮರದ ಕಡೆಗೆ ನೋಡಿದಳು. ಆ ವಾರವೇ ಹೆಜ್ಜೇನು ಎದ್ದು ಹೋಗಿದ್ದವು. ಟೊಂಗೆಗಳಲ್ಲಿ ಬರಿದಾದ ಹುಟ್ಟು ಜೋತುಬಿದ್ದಿದ್ದವು.

"ಎಲ್ಲಾ ಹೋಗ್ಯಾವಲ್ರಿ."

"ಹೂಂ."

"ಎಲ್ಲಿಗಿ ಹೋಗತಾವ?"

"ಅದು ಅಕಿಗೂ ಪೂರ್ತಿ ಗೊತ್ತಿಲ್ಲಂತ," ಎಂದೆ, ನಮ್ಮ ಹುಡುಗಿಯನ್ನು ನೆನೆದು.

ಅವಳು ಗಂಟು ಬಿಚ್ಚಿ, ಬೀಜ ನೋಡಿ, ಮತ್ತೆ ಕಟ್ಟಿದಳು. "ಮತ್ತ ಬರತಾವಲ್ರಿ ವೈನಿ? ಬರಲಿಲ್ಲಂದ್ರ ನನ್ನ ಹಿತ್ತಲದಾಗ ಇದು ಬೀಜಾ ಹೆಂಗ ಕಟ್ಟತೈತಿ?"

ಜೇನು ಬರುತ್ತದೆಂದು ಅಂಜುತ್ತಿದ್ದ ಹೆಣ್ಣುಮಗಳು ಈಗ ಬರದಿದ್ದರೆ ಹೇಗೆಂದು ಅಂಜುತ್ತಿದ್ದಳು. "ಬರತಾವ," ಎಂದೆ. ಇನ್ನೊಂದು ಹಿಡಿ ಬೀಜ ತುಂಬಿ ಅವಳ ಸೆರಗಿಗೆ ಹಾಕಿದೆ.